ಹಡಗಿನ ಡ್ಯುಯೆಟ್ಟಿಗೆ ಪಾಪುವೂ ಬಂದರೆ...?

ಹೀರೋ-ಹೀರೋಯಿನ್ ಇಬ್ಬರೇ ಹೋದರೆ ಯಾವ ಹಡಗಾದರೂ ನಡೆಯುತ್ತೆ. ಜೊತೆಗೆ ಚಿಕ್ಕ ಮಗು ಇದ್ದರೆ? ಆಗ ಲೆಕ್ಕಾಚಾರವೇ ಬೇರೆ!

ಬೆಳ್ಳಿತೆರೆಯ ಮೇಲೆ ಹಡಗು ಬಂತೆಂದರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೂ ಶಿಳ್ಳೆಯೋ ಶಿಳ್ಳೆ! ಹೀರೋ ಹಡಗಿನ ತುದಿಯಲ್ಲಿ ನಿಂತು ಎರಡೂ ಕೈ ಚಾಚುತ್ತಾನೆ. ಹೀರೋಯಿನ್ನಿನ ಸೆರಗು ಗಾಳಿಗೆ ಪಟಪಟ ಹಾರುತ್ತೆ. ಕೆಳಗೆ ನೀಲಿ ಸಮುದ್ರ, ಮೇಲೆ ನೀಲಿ ಆಕಾಶ, ನಡುವೆ ಡ್ಯುಯೆಟ್! ಆದರೆ ಅಭಿಮಾನಿ ಬಂಧುಗಳೇ, ಒಂದು ವಿಷಯ ಗಮನಿಸಿದ್ದೀರಾ? ಆ ಹೀರೋನ ಕಂಕುಳಲ್ಲಿ ಮಗು ಇರೋದಿಲ್ಲ. ಆ ಹೀರೋಯಿನ್ನಿನ ಹೆಗಲಲ್ಲಿ ಹಾಲಿನ ಬಾಟ್ಲಿ, ಬಿಸಿನೀರಿನ ಫ್ಲಾಸ್ಕು, ಬದಲಿ ಚಡ್ಡಿ ತುಂಬಿದ ಚೀಲ ಇರೋದಿಲ್ಲ!

1997ರ 'ಟೈಟಾನಿಕ್' ನೋಡಿ ಬಂದವರಿಗೆ ಹಡಗಿನ ಹುಚ್ಚು ಹತ್ತಿತು. ಜೋಯಾ ಅಖ್ತರ್ 2015ರಲ್ಲಿ 'ದಿಲ್ ಧಡಕ್‌ನೇ ದೋ' ಮಾಡಿ ಒಂದಿಡೀ ಕುಟುಂಬವನ್ನೇ ಹಡಗು ಹತ್ತಿಸಿದ ಮೇಲೆ ಆ ಹುಚ್ಚು ಸಂಸಾರಸ್ಥರಿಗೂ ತಗುಲಿತು. ನನಗೂ ತಗುಲಿತು ಅಂತ ಒಪ್ಪಿಕೊಳ್ಳೋದಕ್ಕೆ ನಾಚಿಕೆ ಏನೂ ಇಲ್ಲ.

ಚೀಟಿ ದುಡ್ಡಿನ ಕಥೆ

ನಾನೂ ನನ್ನಾಕೆಯೂ ಮದುವೆಯಾದ ಹೊಸದರಲ್ಲಿ ಶುಕ್ರವಾರದ ಮೊದಲ ಆಟ ತಪ್ಪಿಸಿದವರಲ್ಲ. ಮಗಳು ಹುಟ್ಟಿದಳು... ಅಲ್ಲಿಗೆ ಮುಗೀತು! ಚಿತ್ರಮಂದಿರದಲ್ಲಿ ದೀಪ ಆರಿದ ಕೂಡಲೇ ಮಗುವಿನ ರಂಪ ಷುರು. ಇಂಟರ್ವೆಲ್ಲಿಗೆ ಮೊದಲೇ ಅವಳು ಮಗುವನ್ನು ಎತ್ತಿಕೊಂಡು ಹೊರಗೆ. "ರೀ, ಕ್ಲೈಮಾಕ್ಸ್ ಏನಾಯ್ತು ಅಂತ ಆಮೇಲೆ ನೀವೇ ಹೇಳಿ" ಅಂತ ಹೇಳಿ ಹೋಗೋಳು. ಹೆಚ್ಚೂ ಕಡಿಮೆ ಮೂರು ವರ್ಷ ಅವಳು ಒಂದೇ ಒಂದು ಚಿತ್ರವನ್ನು ಕೊನೆವರೆಗೆ ನೋಡಿರಲಿಲ್ಲ.

ಹೀಗಿರುವಾಗ ಅವಳ ಚೀಟಿ ಕೈಗೆ ಬಂತು. ಒಡವೆ ಮಾಡಿಸ್ಕೋ ಅಂದೆ. ಅವಳು ಹೇಳಿದ್ದು ಇಷ್ಟೇ: "ಮೂರು ದಿನ ನಾನು ಒಲೆ ಹಚ್ಚಬಾರದು. ಒಂದು ರಾತ್ರಿಯಾದ್ರೂ ಒಂದು ಷೋ ಪೂರ್ತಿ ನೋಡಬೇಕು. ಇನ್ನೇನೂ ಬೇಡ ಕಣ್ರೀ."

ಹಡಗಿನ ಜಾಹೀರಾತು ತಂದೆ. ಬಣ್ಣಬಣ್ಣದ ಚಿತ್ರಗಳು! ಮಕ್ಕಳಿಗೆ ಆಟದ ಕೋಣೆ, ಜಾರುಬಂಡೆ, ಈಜುಕೊಳ, ದೊಡ್ಡವರಿಗೆ ರಂಗಮಂದಿರ. ಮಗುವನ್ನು ಆಟದ ಕೋಣೆಗೆ ಬಿಡೋದು, ನಾವಿಬ್ಬರೂ ಷೋಗೆ ಹೋಗೋದು. ಸ್ಕ್ರಿಪ್ಟ್ ರೆಡಿ! ದುಡ್ಡು ಕಟ್ಟಿದೆ.

ಹಡಗು ಹತ್ತಿದ ಸಂಜೆ ಆಟದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗುನಗುತ್ತಾ ಎರಡೇ ಪ್ರಶ್ನೆ ಕೇಳಿದಳು. ಮಗುವಿಗೆ ಮೂರು ತುಂಬಿದೆಯಾ? ಡೈಪರ್ ಬಿಟ್ಟಿದೆಯಾ? ನಮ್ಮ ಮಗಳಿಗೆ ಆಗ ಎರಡು ವರ್ಷ ಹತ್ತು ತಿಂಗಳು. ಡೈಪರ್ ಬಿಟ್ಟಿರಲಿಲ್ಲ. ಆಟದ ಕೋಣೆಗೂ ಇಲ್ಲ, ಈಜುಕೊಳಕ್ಕೂ ಇಲ್ಲ! ರಾತ್ರಿ ಷೋನ ಮೊದಲರ್ಧ ಅವಳು ನೋಡಿದಳು, ಉಳಿದರ್ಧ ನಾನು ನೋಡಿದೆ. ಕೋಣೆಗೆ ವಾಪಸ್ ಬಂದಾಗ ಅವಳು ಕತ್ತಲಲ್ಲಿ ಮಗುವನ್ನು ತಟ್ಟುತ್ತಾ ಕೇಳಿದಳು, "ಕೊನೆಗೆ ಏನಾಯ್ತು?"

ಅದು ಯಾವ ಹಡಗು ಅಂತ ಕೇಳಬೇಡಿ. ತಪ್ಪು ಹಡಗಿನದ್ದಲ್ಲ, ನನ್ನದು. ನಿಯಮವೆಲ್ಲ ಅವರ ಕಾಗದದಲ್ಲೇ ಇತ್ತು. ನಾನು ಚಿತ್ರ ನೋಡಿದ್ದೆ, ಅಕ್ಷರ ಓದಿರಲಿಲ್ಲ! ಆಮೇಲೆ ಹೋಗಿಬಂದವರನ್ನು ಕೇಳಿ, ಕಂಪನಿಗಳ ಕಾಗದಗಳನ್ನು ಕೂತು ಓದಿ ತಿಳಿದುಕೊಂಡದ್ದು ಇಲ್ಲಿದೆ. ಈಗ ಬ್ಯಾಚುಲರ್ ಆಗಿರೋ ಮಿತ್ರರೂ ಓದಿಡಿ. ನಾಳೆ ನಿಮಗೂ ಈ ಪಾತ್ರ ಸಿಗುತ್ತೆ!

ಮೊದಲು ವಯಸ್ಸು, ಆಮೇಲೆ ಹಡಗು

ಸಾಮಾನ್ಯವಾಗಿ ಆರು ತಿಂಗಳು ತುಂಬದ ಕೂಸನ್ನು ದೊಡ್ಡ ಕಂಪನಿಗಳು ಹಡಗಿಗೆ ಹತ್ತಿಸಿಕೊಳ್ಳೋದಿಲ್ಲ. ಮಹಾಸಾಗರ ದಾಟುವಂಥ, ದಿನಗಟ್ಟಲೆ ದಡ ಕಾಣದ ಯಾನಗಳಿಗೆ ಒಂದು ವರ್ಷ ತುಂಬಿರಬೇಕು. ಸಮುದ್ರದ ಮಧ್ಯೆ ಮಗುವಿನ ಆರೋಗ್ಯ ಕೆಟ್ಟರೆ ದೊಡ್ಡಾಸ್ಪತ್ರೆ ಎಲ್ಲಿಂದ ತರೋದು? ಅದಕ್ಕೇ ಈ ನಿಯಮ.

ಎರಡನೇ ಗೆರೆ ಮೂರು ವರ್ಷ. ಪುಕ್ಕಟೆ ಆಟದ ಕೋಣೆಗಳು ಬಹುಪಾಲು ಮೂರು ತುಂಬಿದವರಿಗೆ, ಅದೂ ಕಕ್ಕಸಿಗೆ ತಾವೇ ಹೇಳಿ ಹೋಗುವ ಅಭ್ಯಾಸ ಇರುವವರಿಗೆ ಮಾತ್ರ. ಮೂರರ ಒಳಗಿನವರಿಗೆ ಕೆಲವು ಹಡಗುಗಳಲ್ಲಿ ನರ್ಸರಿ ಇದೆ. ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು, ಜಾಗವೂ ಕಮ್ಮಿ. ಟಿಕೆಟ್ ಕೊಂಡ ಮೇಲೆ ಆದಷ್ಟು ಬೇಗ ಅದನ್ನೂ ಕಾದಿರಿಸಬೇಕು.

ಇನ್ನು ಈಜುಕೊಳ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮವೇ ಇದೆ. ಡೈಪರ್ ಹಾಕುವ ಮಗು ದೊಡ್ಡ ಕೊಳಕ್ಕೆ ಇಳಿಯುವಂತಿಲ್ಲ, ಕೂಸುಗಳಿಗೆಂದೇ ಮಾಡಿದ ನೀರಾಟದ ಜಾಗ ಇದ್ದರೆ ಅಲ್ಲಿ ಮಾತ್ರ. ಬೇರೆ ಕಡೆಯ ಕಂಪನಿಗಳಲ್ಲೂ ಹೀಗೇ ಉಂಟು. ಆದ್ದರಿಂದ ಮಗುವಿಗೆ ಎರಡೂ ಮುಕ್ಕಾಲು ಆಗಿದ್ದರೆ ನನ್ನ ಮಾತು ಕೇಳಿ, ಇನ್ನೊಂದಾರು ತಿಂಗಳು ತಡೆಯಿರಿ. ಅದೇ ದುಡ್ಡಿಗೆ ಎರಡು ಪಟ್ಟು ಸುಖ!

ಯಾವ ಬ್ಯಾನರು?

ಚಿತ್ರಕ್ಕೆ ಬ್ಯಾನರ್ ನೋಡುವ ಹಾಗೆ ಹಡಗಿಗೂ ನೋಡಬೇಕು. ಮಿಕ್ಕಿ ಮೌಸಿನ ಮನೆಯವರಾದ ಡಿಸ್ನಿ ಕಂಪನಿ 1998ರಲ್ಲಿ 'ಡಿಸ್ನಿ ಮ್ಯಾಜಿಕ್' ಎಂಬ ಹಡಗನ್ನು ನೀರಿಗಿಳಿಸಿತು. ಮಕ್ಕಳು ಮತ್ತು ತಂದೆತಾಯಿ ಇಬ್ಬರನ್ನೂ ಒಟ್ಟಿಗೆ ಮೆಚ್ಚಿಸುವ ವಿದ್ಯೆ ಇವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಎರಡನೇ ಸರದಿಯ ಊಟಕ್ಕೆ ಕೂತರೆ ಮಕ್ಕಳಿಗೆ ಬೇಗ ಬಡಿಸಿಬಿಡುತ್ತಾರೆ. ಆಮೇಲೆ ಆಟದ ಕೋಣೆಯವರೇ ಊಟದ ಮನೆಗೆ ಬಂದು ಮೂರು ತುಂಬಿದ ಮಕ್ಕಳನ್ನು ಕರಕೊಂಡು ಹೋಗ್ತಾರೆ. ಅಪ್ಪ-ಅಮ್ಮ ನಿಧಾನವಾಗಿ ಊಟ ಮಾಡಬಹುದು! ದೊಡ್ಡವರಿಗೆ ಮಾತ್ರ ಪ್ರವೇಶ ಇರುವ ಈಜುಕೊಳವೂ ಇದೆ. ಆದರೆ ಟಿಕೆಟ್ ದರ ಮಾತ್ರ ಸೂಪರ್‌ಸ್ಟಾರ್ ಸಂಭಾವನೆಯ ಹಾಗೆ!

ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದಿ ಸೀಸ್' 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟಿತು. 20 ಅಂತಸ್ತು! ಅದರಲ್ಲಿ ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಸಂಸಾರಗಳಿಗೆಂದೇ ಒಂದು ಬಡಾವಣೆ ಕಟ್ಟಿದ್ದಾರೆ. ಮಗು ನೀರಲ್ಲಿ ಆಡ್ತಾ ಇದ್ದರೆ ಪಕ್ಕದಲ್ಲೇ ಅಪ್ಪ-ಅಮ್ಮ ಕೂತು ನೋಡಬಹುದು. ಎಂ.ಎಸ್.ಸಿ. ಎಂಬ ಯುರೋಪಿನ ಕಂಪನಿ ಮೂರರೊಳಗಿನ ಶಿಶುಗಳಿಗೂ ಆಟದ ಕೋಣೆ ಇಟ್ಟಿದೆ.

ಅಷ್ಟು ದೂರ ಯಾಕೆ ಸ್ವಾಮಿ ಅಂತೀರಾ? 1978ರಲ್ಲಿ ವಿಷ್ಣುವರ್ಧನ್, ದ್ವಾರಕೀಶ್ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಚಿತ್ರಕ್ಕಾಗಿ ಹೋದ ಸಿಂಗಪುರ ಇದೆಯಲ್ಲ! ಅಲ್ಲಿಂದ 'ಗೆಂಟಿಂಗ್ ಡ್ರೀಮ್' ಎಂಬ ಹಡಗು 2022ರಿಂದ ಓಡಾಡುತ್ತಿದೆ. ಡಿಸ್ನಿಯವರ 'ಡಿಸ್ನಿ ಅಡ್ವೆಂಚರ್' ಹಡಗಿನ ತವರು ಬಂದರೂ ಸಿಂಗಪುರವೇ. ಅದರ ಮೊದಲ ಯಾನಕ್ಕೆ ಗೊತ್ತುಮಾಡಿದ ದಿನ 2026ರ ಮಾರ್ಚ್ 10. ಎಲ್ಲಾ ಮೂರು-ನಾಲ್ಕು ರಾತ್ರಿಗಳ ಯಾನ.

ಇನ್ನೂ ಹತ್ತಿರ ಬೇಕಾದರೆ ಮುಂಬಯಿ. ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' 2021ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಯಾನ ಆರಂಭಿಸಿತು. ಗೋವೆ, ಲಕ್ಷದ್ವೀಪದ ಕಡೆ ಅದರ ಓಡಾಟ. ಮಗುವಿಗೆ ಅನ್ನ-ಬೇಳೆ ಬೇಕು ಅನ್ನುವವರಿಗೆ ಇಂಥ ಹಡಗೇ ವಾಸಿ. ಆದರೆ ಇದು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಳೇ ಹಡಗು. ಆಗಿನ ಹೆಸರು 'ನಾರ್ಡಿಕ್ ಎಂಪ್ರೆಸ್'. ಗಾತ್ರದಲ್ಲಿ 'ಐಕಾನ್' ಇದರ ಐದು ಪಟ್ಟು! ಬಾಲ್ಕನಿ ಇರುವ ಕೋಣೆಗಳೂ ಇದರಲ್ಲಿ ಕಮ್ಮಿ. ನಟಿಯರ ಹಾಗೆ ಹಡಗುಗಳೂ ಹೆಸರು ಬದಲಾಯಿಸುತ್ತವೆ. ನಟಿಯರ ವಯಸ್ಸು ಕೇಳಬಾರದು ಅಂತಾರೆ, ಹಡಗಿನ ವಯಸ್ಸು ಕೇಳಲೇಬೇಕು!

ರಾತ್ರಿ ಎಂಟರ ಮೇಲೆ ಏನು?

ಜಾರುಬಂಡೆ ಎಷ್ಟು ಉದ್ದ, ಐಸ್‌ಕ್ರೀಮ್ ಎಷ್ಟು ಬಗೆ ಅಂತ ಎಲ್ಲರೂ ಕೇಳ್ತಾರೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಮಗು ಮಲಗಿದ ಮೇಲೆ ನಾವಿಬ್ಬರೂ ಏನು ಮಾಡ್ತೀವಿ? ಹಡಗಿನ ಕೋಣೆ ಚಿಕ್ಕದು. ಮಗು ಎಂಟಕ್ಕೆ ಮಲಗಿತು, ದೀಪ ಆರಿಸಿದಿರಿ, ಅಲ್ಲಿಗೆ ನೀವೂ ಕತ್ತಲಲ್ಲಿ ಕೈದಿಗಳು!

ಇದಕ್ಕೆ ಎರಡು ದಾರಿ. ಒಂದು, ರಾತ್ರಿ ಹೊತ್ತೂ ತೆರೆದಿರುವ ಆಟದ ಕೋಣೆ ಅಥವಾ ನರ್ಸರಿ. ಎಷ್ಟು ಗಂಟೆವರೆಗೆ ಪುಕ್ಕಟೆ, ಆಮೇಲೆ ಎಷ್ಟು ದರ ಅಂತ ಮೊದಲೇ ಕೇಳಿ. ಎರಡನೇದು ಬಾಲ್ಕನಿ ಕೋಣೆ. ದರ ಜಾಸ್ತಿ, ನಿಜ. ಆದರೆ ಮಗು ಒಳಗೆ ನಿದ್ದೆ, ನೀವಿಬ್ಬರೂ ಹೊರಗೆ ಕುರ್ಚಿ ಹಾಕಿಕೊಂಡು ಸಮುದ್ರ ನೋಡ್ತಾ ನಾಲ್ಕು ಮಾತಾಡಬಹುದು. ಎಚ್ಚರವಾಗಿರುವ ಮಗುವನ್ನು ಮಾತ್ರ ಅಲ್ಲಿ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಕುರ್ಚಿಯನ್ನು ಕಂಬಿಯಿಂದ ದೂರ ಇಡಿ, ಬಾಗಿಲಿಗೆ ಚಿಲಕ ಇರಲಿ.

ಸ್ನಾನದ ಮನೆಯನ್ನೂ ವಿಚಾರಿಸಿ. ಬಹಳಷ್ಟು ಕೋಣೆಗಳಲ್ಲಿ ಷವರ್ ಮಾತ್ರ. ಬಕೆಟ್ಟು-ಚೊಂಬು ಕಂಡ ಮಗು ಷವರ್ ನೋಡಿ ಕಿರುಚೋದು ಖಾತ್ರಿ! ಡಿಸ್ನಿ ಹಡಗುಗಳ ಹೆಚ್ಚಿನ ಕೋಣೆಗಳಲ್ಲಿ ತೊಟ್ಟಿ ಇದೆ. ಮಗುವಿಗೆ ತೊಟ್ಟಿಲು-ಮಂಚ ಬೇಕಿದ್ದರೆ ಮೊದಲೇ ಹೇಳಿಡಿ. ಹಾಲಿನ ಪುಡಿ, ಡೈಪರ್ ನೀವೇ ಒಯ್ಯಿರಿ. ಕರೆಂಟಿನ ಕೆಟಲ್, ರೈಸ್ ಕುಕ್ಕರ್ ಒಯ್ಯಬೇಡಿ. ಬೆಂಕಿಯ ಭಯದಿಂದ ಹಡಗಿನವರು ಬಾಗಿಲಲ್ಲೇ ಕಸಿದಿಟ್ಟುಕೊಳ್ತಾರೆ!

ಹೊಟ್ಟೆ ತೊಳಸಿದರೆ

ಎರಡು ವರ್ಷದೊಳಗಿನ ಕೂಸುಗಳಿಗೆ ಸಮುದ್ರದ ಓಲಾಟದಿಂದ ವಾಂತಿ ಆಗೋದು ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳಿಗೇ ಹೆಚ್ಚು. ಆದ್ದರಿಂದ ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ. ಸೀಸಾ ಹಲಗೆಯ ತುದಿ ಆಡುವಷ್ಟು ನಡುಭಾಗ ಆಡೋಲ್ಲ, ಇದೂ ಹಾಗೇ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ರೌಡಿ. ಅಕ್ಟೋಬರ್ ಕಳೆದ ಮೇಲೆ ಸಾಧು! ಮಗುವಿಗೆ ಔಷಧಿಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಹಡಗುಗಳಲ್ಲಿ ಹರಡುವ ನೊರೊ ಎಂಬ ವಾಂತಿ-ಭೇದಿಯ ವೈರಸ್ಸಿಗೆ ಸೋಪೇ ಮದ್ದು, ಬಾಟ್ಲಿಯ ಸ್ಯಾನಿಟೈಸರ್ ಸಾಲದು.

ಮೊದಲ ಸಲ ಎರಡೋ ಮೂರೋ ರಾತ್ರಿ ಸಾಕು. ಅದನ್ನು ಸ್ಕ್ರೀನ್ ಟೆಸ್ಟ್ ಅಂತ ತಿಳಿಯಿರಿ. ಮಗು ಪಾಸಾದರೆ ಮುಂದಿನದು ಉದ್ದದ ಚಿತ್ರ! ದರ ಕೇಳುವಾಗಲೂ ಹುಷಾರು. ಬಂದರಿನ ತೆರಿಗೆ, ದಿನದ ಲೆಕ್ಕದ ಭಕ್ಷೀಸು (ಕೆಲವು ಕಂಪನಿಗಳಲ್ಲಿ ಮಗುವಿಗೂ ಸೇರಿಸಿ!), ಕೂಲ್‌ಡ್ರಿಂಕ್ಸು, ಇಂಟರ್‌ನೆಟ್ಟು, ದಡದ ಸುತ್ತಾಟ... ಇವೆಲ್ಲ ಟಿಕೆಟ್ಟಿನ ಹೊರಗೆ ಇರಬಹುದು. ಒಟ್ಟು ಎಷ್ಟು ಅಂತ ಬರೆಸಿಕೊಂಡೇ ದುಡ್ಡು ಕಟ್ಟಿ.

ಟೈಟಾನಿಕ್ ಕಲಿಸಿದ ಪಾಠ

1912ರಲ್ಲಿ ನಿಜವಾದ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದವರು 2,200ಕ್ಕೂ ಹೆಚ್ಚು ಜನ. ಜೀವರಕ್ಷಕ ದೋಣಿಗಳಲ್ಲಿ ಇದ್ದ ಜಾಗ 1,178 ಮಂದಿಗೆ! ಆ ದುರಂತದ ಫಲವಾಗಿಯೇ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ ಬಂತು. 2012ರ ಜನವರಿ 13ರಂದು ಇಟಲಿಯ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಫ್ರೆಂಚ್ ನಿರ್ದೇಶಕ ಗೊದಾರ್ 'ಫಿಲ್ಮ್ ಸೋಷಿಯಲಿಸ್ಮ್' ಎಂಬ 2010ರ ಚಿತ್ರಕ್ಕೆ ಷೂಟಿಂಗ್ ಮಾಡಿದ್ದು ಇದೇ ಹಡಗಿನಲ್ಲಿ! ಅಂದು ಹತ್ತಿದ್ದ ಕೆಲವರಿಗೆ ಅಪಾಯದ ಅಭ್ಯಾಸವೇ ಆಗಿರಲಿಲ್ಲ. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆ ಅಭ್ಯಾಸ ಕಡ್ಡಾಯ. ಸೆಲ್ಫಿ ಬಿಟ್ಟು ಅಲ್ಲಿಗೆ ಹೋಗಿ. ನಿಮ್ಮ ಮಗುವಿನ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಅಂತ ಕೇಳಿ, ಒಮ್ಮೆ ತೊಡಿಸಿ ನೋಡಿ.

ಈ ಸಲ ಅವಳದೇ ನಿರ್ದೇಶನ

'ದಿಲ್ ಧಡಕ್‌ನೇ ದೋ' ಚಿತ್ರದಲ್ಲಿ ಮಿಂಚಿದ 'ಸಾವರಿನ್' ಹಡಗು 2020ರಲ್ಲಿ ಟರ್ಕಿಯ ಗುಜರಿ ದಡ ಸೇರಿತು. ಹಡಗಿನ ಗ್ಲಾಮರ್ ಇಷ್ಟೇ ನೋಡಿ! ಹಡಗು ನಾಯಕಿ ಅಲ್ಲ ಮಿತ್ರರೇ, ಬರೀ ಸೆಟ್ಟು. ನಾಯಕಿ ನಿಮ್ಮ ಮನೆಯಲ್ಲಿದ್ದಾಳೆ, ಮೂರು ವರ್ಷದಿಂದ ಕ್ಲೈಮಾಕ್ಸ್ ನೋಡದೆ.

ನಮ್ಮ ಮಗಳಿಗೆ ಮೂರೂವರೆ ಆಯಿತು. ಡೈಪರ್ ಬಿಟ್ಟಳು. ಮನೆಯಲ್ಲಿ ಮತ್ತೊಂದು ಚೀಟಿ ನಡೀತಾ ಇದೆ. ಜಾಹೀರಾತಿನ ಕಾಗದಗಳನ್ನು ಈ ಸಲ ಅವಳೇ ಓದುತ್ತಿದ್ದಾಳೆ, ಕೆಂಪು ಪೆನ್ನಲ್ಲಿ ಗೆರೆ ಎಳೆದು! ಮೊನ್ನೆ ರಾತ್ರಿ ತಲೆ ಎತ್ತಿ ಕೇಳಿದಳು: "ರೀ, ಆಟದ ಕೋಣೇಲಿ ಬಿಟ್ಟ ಮೇಲೂ ಇವಳು ಅತ್ತರೆ?"

ಅದಕ್ಕೆ ಯಾವ ಕಂಪನಿಯ ಕಾಗದದಲ್ಲೂ ಉತ್ತರ ಇಲ್ಲ. ನಾನೇ ಹೇಳಿದೆ: "ಅತ್ತರೆ ನಾನು ಹೋಗಿ ಕರಕೊಂಡು ಬರ್ತೀನಿ. ನೀನು ಮಾತ್ರ ಸೀಟು ಬಿಟ್ಟು ಏಳಬೇಡ. ಕ್ಲೈಮಾಕ್ಸ್ ಏನಾಯ್ತು ಅಂತ ಈ ಸಲ ನೀನೇ ಬಂದು ಹೇಳು."