ಮೊಣಕಾಲಿನ ಕೀಲು ಬದಲಾವಣೆ: ಅಸ್ಥಿರಜ್ಜು ಉಳಿಸಬೇಕೇ, ತೆಗೆಯಬೇಕೇ?

ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಇಂದು ನಮ್ಮ ಕುಟುಂಬಗಳಿಗೆ ಹೊಸತೇನಲ್ಲ. ಆದರೆ ವೈದ್ಯರು 'ಸಿ.ಆರ್.' ಮತ್ತು 'ಪಿ.ಎಸ್.' ಎಂಬ ಎರಡು ಬಗೆಯ ಕೃತಕ ಕೀಲುಗಳ ಹೆಸರು ಹೇಳಿದಾಗ ರೋಗಿಯೂ ಮನೆಯವರೂ ಗಲಿಬಿಲಿಗೊಳ್ಳುತ್ತಾರೆ. ಒಳ್ಳೆಯದು ಯಾವುದೆಂದು ತಿಳಿಯದೆ, ಸಾಲ ಮಾಡಿಯಾದರೂ ದುಬಾರಿಯದನ್ನೇ ಹಾಕಿಸೋಣ ಎನ್ನುವವರೂ ಇದ್ದಾರೆ. ಆದ್ದರಿಂದ ಇವೆರಡರ ವ್ಯತ್ಯಾಸವನ್ನು ನಾವು ಸರಳವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ರಜ್ಜುಗಳ ಕೆಲಸವೇನು?

ಮೊಣಕಾಲಿನ ಒಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಎರಡು ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟ್‌ಗಳು, ಕತ್ತರಿಯಂತೆ ಅಡ್ಡಡ್ಡವಾಗಿ ಹಿಡಿದಿಟ್ಟಿವೆ. ಒಂದು ಮುಂದಿನದು, ಇನ್ನೊಂದು ಹಿಂದಿನದು. ಕೆಳಗಾಲಿನ ಮೂಳೆ ಹಿಂದಕ್ಕೆ ಜಾರದಂತೆ ತಡೆಯುವುದು ಹಿಂದಿನ ರಜ್ಜು. ಕಾಲು ಮಡಚುವಾಗ ತೊಡೆಮೂಳೆ ಸರಿಯಾಗಿ ಹಿಂದಕ್ಕೆ ಉರುಳಲು ನೆರವಾಗುವುದೂ ಅದೇ. ಪೂರ್ಣ ಕೀಲು ಬದಲಾವಣೆಯಲ್ಲಿ ಸಾಮಾನ್ಯವಾಗಿ ಮುಂದಿನ ರಜ್ಜುವನ್ನು ತೆಗೆಯುತ್ತಾರೆ. ಪ್ರಶ್ನೆ ಇರುವುದು ಹಿಂದಿನದರ ಬಗ್ಗೆ.

ಎರಡು ಬಗೆಗಳು

'ಸಿ.ಆರ್.' ಕೀಲಿನಲ್ಲಿ ಹಿಂದಿನ ರಜ್ಜುವನ್ನು ಉಳಿಸಿಕೊಳ್ಳಲಾಗುತ್ತದೆ. ಮೂಳೆ ಕಡಿಮೆ ಕೊರೆದರೆ ಸಾಕು. ಆದರೆ ಆ ರಜ್ಜು ಗಟ್ಟಿಯಾಗಿರಬೇಕು. ಮುಂದೆ ಅದು ಸಡಿಲವಾದರೆ ಅಥವಾ ಹರಿದರೆ ಕಾಲು ಸ್ಥಿರವಾಗಿ ನಿಲ್ಲದು.

'ಪಿ.ಎಸ್.' ಕೀಲಿನಲ್ಲಿ ರಜ್ಜುವನ್ನು ತೆಗೆದು, ಅದರ ಕೆಲಸವನ್ನು ಕೀಲಿಗೇ ವಹಿಸಲಾಗುತ್ತದೆ. ನಡುವಿನ ಪ್ಲಾಸ್ಟಿಕ್ ಭಾಗದಲ್ಲಿ ಒಂದು ಗೂಟವಿರುತ್ತದೆ. ಕಾಲು ಮಡಚಿದಾಗ ಮೇಲಿನ ಲೋಹದ ಅಡ್ಡಪಟ್ಟಿ ಈ ಗೂಟಕ್ಕೆ ತಾಗಿ ಜಾರುವಿಕೆಯನ್ನು ತಡೆಯುತ್ತದೆ. ನ್ಯೂಯಾರ್ಕ್‌ನಲ್ಲಿ ಜಾನ್ ಇನ್‌ಸಾಲ್ ಮತ್ತು ಆಲ್ಬರ್ಟ್ ಬರ್ಸ್ಟೀನ್ 1978ರಲ್ಲಿ ಬಳಕೆಗೆ ತಂದ ಕೀಲು ಈ ಬಗೆಗೆ ಹೆಸರಾಯಿತು. ಇದಕ್ಕೆ ತೊಡೆಮೂಳೆಯನ್ನು ಇನ್ನಷ್ಟು ಕೊರೆಯಬೇಕಾಗುತ್ತದೆ. ಗೂಟ ಸವೆಯುವ, ಅಪರೂಪಕ್ಕೆ ಮುರಿಯುವ ಸಾಧ್ಯತೆಯೂ ಇದೆ.

ಯಾರಿಗೆ ಯಾವುದು?

ಕಾಲು ತೀರಾ ಸೊಟ್ಟಗಾಗಿದ್ದವರಿಗೆ, ಸಂಧಿವಾತದಿಂದ (ರುಮಟಾಯ್ಡ್) ರಜ್ಜು ದುರ್ಬಲವಾದವರಿಗೆ, ಹಿಂದೆ ಮಂಡಿಚಿಪ್ಪು ತೆಗೆಸಿಕೊಂಡವರಿಗೆ ಅನೇಕ ವೈದ್ಯರು 'ಪಿ.ಎಸ್.' ಆರಿಸುತ್ತಾರೆ. ರಜ್ಜು ಚೆನ್ನಾಗಿದ್ದು ಕಾಲು ಹೆಚ್ಚು ಸೊಟ್ಟಗಾಗದಿದ್ದರೆ ಎರಡೂ ಆಗಬಹುದು. ಕೆಲವೊಮ್ಮೆ ಕೀಲನ್ನು ತೆರೆದು ರಜ್ಜುವನ್ನು ಕಣ್ಣಾರೆ ನೋಡಿದ ಮೇಲೆ ವೈದ್ಯರು ತೀರ್ಮಾನ ಬದಲಿಸುವುದುಂಟು. ಇದು ತಪ್ಪಲ್ಲ, ಜಾಗರೂಕತೆ.

2013ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ರಜ್ಜು ಉಳಿಸಿದ ಮತ್ತು ತೆಗೆದ ಶಸ್ತ್ರಚಿಕಿತ್ಸೆಗಳನ್ನು ಹೋಲಿಸುವ 17 ಪ್ರಯೋಗಗಳನ್ನು ಪರಿಶೀಲಿಸಿತು. ರಜ್ಜು ತೆಗೆದವರ ಕಾಲು ಸರಾಸರಿ 2.4 ಡಿಗ್ರಿ ಹೆಚ್ಚು ಮಡಚುತ್ತಿತ್ತು. ನೋವಿನಲ್ಲಾಗಲಿ ದಿನನಿತ್ಯದ ಓಡಾಟದಲ್ಲಾಗಲಿ ಎದ್ದುಕಾಣುವ ವ್ಯತ್ಯಾಸ ಕಂಡುಬರಲಿಲ್ಲ.

ನಾವು ಕೇಳಬೇಕಾದುದು

ಹಾಗಾದರೆ ಹೆಸರಿಗಾಗಿ ತಲೆಕೆಡಿಸಿಕೊಳ್ಳುವ ಬದಲು ವೈದ್ಯರಲ್ಲಿ ಹೀಗೆ ಕೇಳೋಣ: ನನ್ನ ರಜ್ಜು ಹೇಗಿದೆ? ತಾವು ಹೆಚ್ಚಾಗಿ ಬಳಸಿ ಅನುಭವವಿರುವ ಕೀಲು ಯಾವುದು? ವ್ಯಾಯಾಮ ಎಷ್ಟು ದಿನ ಮಾಡಬೇಕು? ನೆಲದ ಮೇಲೆ ಕುಳಿತುಕೊಳ್ಳಲು, ಮೊಣಕಾಲೂರಲು ಆಗುವುದೇ? ಎರಡು ಬಗೆಗಳಲ್ಲಿಯೂ ಮೊಣಕಾಲೂರುವಾಗ ಹಲವರಿಗೆ ಕಷ್ಟವಾಗುತ್ತದೆ. ಅಂಥವರು ಪೂಜೆಯ ವೇಳೆ ಕುಳಿತಿದ್ದರೆ ಯಾರೂ ಅನ್ಯಥಾ ಭಾವಿಸಬೇಕಾಗಿಲ್ಲ.

ಖರ್ಚಿನ ಬಗ್ಗೆಯೂ ಸಂಕೋಚವಿಲ್ಲದೆ ವಿಚಾರಿಸಿ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಬಿಲ್ಲಿನಲ್ಲಿ ಕೀಲಿನ ಬೆಲೆ ಮತ್ತು ತಯಾರಕರ ಹೆಸರು ಪ್ರತ್ಯೇಕವಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

ಹೆತ್ತವರಿಗೆ ಬೇಕಾಗಿರುವುದು ಅತಿ ದುಬಾರಿ ಕೀಲಲ್ಲ. ಅವರ ಕಾಲಿಗೆ ಒಪ್ಪುವ ಕೀಲು, ನುರಿತ ಕೈ, ಮನೆಗೆ ಬಂದ ಮೇಲೆ ದಿನವೂ ವ್ಯಾಯಾಮ ಮಾಡಿಸುವ ಮಕ್ಕಳ ತಾಳ್ಮೆ.