ಕೇಳಿಸಿತೇ?

ಸಾಗರದ ಕಡೆ, ಶರಾವತಿಯ ಹಿನ್ನೀರಿನ ದಂಡೆಯ ಒಂದು ಹಳ್ಳಿಯಲ್ಲಿ ನನಗೊಬ್ಬ ಬಾಲ್ಯದ ಗೆಳೆಯನಿದ್ದಾನೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವುದು ಅವನ ವೃತ್ತಿ. ಹವ್ಯಾಸಿ ರೇಡಿಯೋ ಅವನ ಗೀಳು. ಸರ್ಕಾರದ ಪರವಾನಗಿ ಪಡೆದು, ತಾನೇ ಬೆಸುಗೆ ಹಾಕಿ ಕಟ್ಟಿದ 5 ವ್ಯಾಟಿನ ಸೆಟ್ಟಿನಿಂದ, 7 ಮೆಗಾಹರ್ಟ್ಸಿನ ಕಿರುತರಂಗದಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನಾಲ್ಕು ಮಾತಾಡುತ್ತಾನೆ. ಆ ಮಾತು ಜಯನಗರದ ನನ್ನ ಮನೆಗೆ ತಲುಪಬೇಕೆಂಬುದು ಅವನ ಬಯಕೆ. ಫೋನಿನಲ್ಲಿ ಎಷ್ಟು ಬೇಕಾದರೂ ಮಾತನಾಡಬಹುದಲ್ಲ ಎಂದರೆ, “ಹೋಟೆಲಿನ ಊಟಕ್ಕೂ ಕೈಯಾರೆ ಮಾಡಿ ಬಡಿಸಿದ ಊಟಕ್ಕೂ ಭೇದವಿಲ್ಲವೇನೋ?” ಎನ್ನುತ್ತಾನೆ.

ಕಳೆದ ಮಳೆಗಾಲದ ಒಂದು ಭಾನುವಾರ ಅವನು ಫೋನು ಮಾಡಿ, “ಕೇಳಿಸಿತೇನೋ?” ಎಂದ. ನನಗೆ ಕೇಳಿಸಿದ್ದು ಬರಿಯ ಗೊರಗೊರ ಸದ್ದು. ಅವನ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಾಗದೆ, “ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು” ಎಂದುಬಿಟ್ಟೆ. ಆ ಸುಳ್ಳು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಕೆಯ ಚೂರಿನಂತೆ ಅಂದಿನಿಂದ ನನ್ನನ್ನು ಕಾಡತೊಡಗಿತು.

ನನ್ನಲ್ಲಿದ್ದ ರೇಡಿಯೋ ವಾಚಕರು ಊಹಿಸುವಂಥದಲ್ಲ. ಹೆಬ್ಬೆರಳಿನ ಗಾತ್ರದ ಒಂದು ಸಾಧನ; ಬನಶಂಕರಿಯಲ್ಲಿರುವ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ, ತಂದುಕೊಟ್ಟದ್ದು. ಮೂಲತಃ ಅದರ ಒಳಗಿನ ಚಿಪ್ಪು ಕಂಪ್ಯೂಟರಿನಲ್ಲಿ ಟೆಲಿವಿಷನ್ ನೋಡುವುದಕ್ಕಾಗಿ ಮಾಡಿದ್ದು. ಅದನ್ನು ರೇಡಿಯೋ ಆಗಿಯೂ ದುಡಿಸಬಹುದೆಂಬ ಸಂಗತಿ 2012ರಲ್ಲಿ ಹವ್ಯಾಸಿಗಳ ನಡುವೆ ಹಬ್ಬಿತು. ಕಿರುತರಂಗವನ್ನೂ ಹಿಡಿಯುವ ಮಾದರಿಗಳು ಅನಂತರ ಬಂದವು. ಹಳೆಯ ರೇಡಿಯೋದಲ್ಲಿ ಸುರುಳಿಗಳೂ ಕವಾಟಗಳೂ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಇಲ್ಲಿ ಗಣಿತ ಮಾಡುತ್ತದೆ. ಆಂಟೆನಾ ತಂದ ಅಲೆಯನ್ನು ಈ ಸಾಧನ 256 ಮೆಟ್ಟಿಲುಗಳ ಏಣಿಯಲ್ಲಿಟ್ಟು ಅಂಕಿಗಳಾಗಿ ಮಾರ್ಪಡಿಸುತ್ತದೆ. ಆ ಅಂಕಿಗಳಿಂದ ಬೇಕಾದ ದನಿಯನ್ನು ಹೆಕ್ಕಿ ತೆಗೆಯುವುದು ಕಂಪ್ಯೂಟರಿನ ತಂತ್ರಾಂಶ.

ಗೆಳೆಯನ ದನಿ ಕೇಳದಿದ್ದಾಗ ನಾನು ಕೊಟ್ಟ ತೀರ್ಪು, ಈ ಯಂತ್ರಕ್ಕೆ ಕಿವಿ ಮಂದ ಎಂದು. ದನಿಯನ್ನು ಹಿಗ್ಗಿಸುವ ಒಂದು ಆಂಪ್ಲಿಫೈಯರನ್ನು ಕೊಂಡು ತಂದು ಜೋಡಿಸಿದೆ. ಗೊರಗೊರ ಸದ್ದು ಭೋರ್ಗರೆತವಾಯಿತು! ಬಲಿಷ್ಠ ನಿಲಯಗಳು ಆ 256 ಮೆಟ್ಟಿಲುಗಳನ್ನೂ ತುಂಬಿ ಉಕ್ಕಿ, ಇಲ್ಲದ ಕಡೆಯಲ್ಲೆಲ್ಲ ತಮ್ಮ ನೆರಳು ಮೂಡಿಸಿದುವು. ಅಳಿಯ ನಕ್ಕು, “ಮಾವ, ಮೊದಲು ಅಳೆಯೋಣ, ಆಮೇಲೆ ಬೈಯೋಣ” ಎಂದ.

ಅಳತೆಯ ಕ್ರಮ ನನ್ನಂಥ ಸಾಹಿತ್ಯದವನಿಗೂ ತಿಳಿಯುವಷ್ಟು ಸರಳವಾದುದು. ಕಾವು ಇರುವಲ್ಲೆಲ್ಲ ಎಲೆಕ್ಟ್ರಾನುಗಳ ಚಡಪಡಿಕೆ ಇರುತ್ತದೆ, ಅದೇ ಒಂದು ಸಣ್ಣ ಸದ್ದಾಗುತ್ತದೆ ಎಂಬುದನ್ನು ಜಾನ್ಸನ್ ಅಳೆದು, ನೈಕ್ವಿಸ್ಟ್ ಲೆಕ್ಕ ಹಾಕಿ 1928ರಲ್ಲಿ ಪ್ರಕಟಿಸಿದರು. ಮನುಷ್ಯನ ಮಾತಿಗೆ ಬೇಕಾಗುವ ಸುಮಾರು 2500 ಹರ್ಟ್ಸಿನ ಅಗಲದಲ್ಲಿ ಆ ಸದ್ದು ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಭಾಗ, ಅದರಲ್ಲಿಯೂ ಮತ್ತೆ ಲಕ್ಷದಲ್ಲೊಂದು ಭಾಗ. ಇದು ಪ್ರಕೃತಿ ಹಾಕಿದ ಗೆರೆ. ಇದರ ಮೇಲೆ ಯಂತ್ರ ತನ್ನದೆಷ್ಟು ಸದ್ದನ್ನು ಸೇರಿಸುತ್ತದೆ ಎಂಬುದೇ ಅದರ ಕಿವಿಯ ಪರೀಕ್ಷೆ. ಅಳಿಯ ಆಂಟೆನಾ ಕಳಚಿ, ಗೊತ್ತಿರುವ ಪ್ರಮಾಣದ ಸಂಕೇತ ಕೊಡುವ ಒಂದು ಪೆಟ್ಟಿಗೆಯನ್ನು ಜೋಡಿಸಿದ. ಅದನ್ನು ಹಂತಹಂತವಾಗಿ ತಗ್ಗಿಸುತ್ತ, ಸದ್ದಿನ ಮಟ್ಟವನ್ನು ಅದು ಇಮ್ಮಡಿಗೊಳಿಸುವ ಬಿಂದುವಿನಲ್ಲಿ ನಿಲ್ಲಿಸಿದ. ಅಲ್ಲಿ ಸಂಕೇತವೂ ಸದ್ದೂ ಸಮಸಮ. ಯಂತ್ರಕ್ಕೆ ಕೇಳಿಸುವ ಅತಿ ಸಣ್ಣ ದನಿ ಅದೇ. ಲೆಕ್ಕ ಹಾಕಿದರೆ, ಪ್ರಕೃತಿಯ ಗೆರೆಗಿಂತ ಅದು 6 ಡೆಸಿಬೆಲ್, ಎಂದರೆ ನಾಲ್ಕು ಪಟ್ಟು ಮಾತ್ರ ಮೇಲಿತ್ತು. ನಾನು ಕಿವುಡೆಂದು ಜರೆದದ್ದು ಆನೆಯ ಕಿವಿಯನ್ನು!

ಹಾಗಾದರೆ ದೋಷವೆಲ್ಲಿ? ಎರಡನೆಯ ಪರೀಕ್ಷೆ ಅದನ್ನು ತೋರಿಸಿತು. ಆಂಟೆನಾದ ಬದಲಿಗೆ 50 ಓಮಿನ ಒಂದು ರೋಧಕವನ್ನು ಸಿಕ್ಕಿಸಿ ಸದ್ದಿನ ಮಟ್ಟವನ್ನು ಬರೆದುಕೊಂಡೆವು. ರೋಧಕ ತೆಗೆದು ಆಂಟೆನಾ ಜೋಡಿಸಿದೊಡನೆ ಅದು 24 ಡೆಸಿಬೆಲ್, ಎಂದರೆ ಸುಮಾರು 250 ಪಟ್ಟು ಏರಿತು. ಆಂಟೆನಾದಿಂದಲೇ ಇಷ್ಟು ಗದ್ದಲ ಬರುವಾಗ ಯಂತ್ರದ ಕಿವಿಯನ್ನು ಇನ್ನೂ ಚುರುಕುಗೊಳಿಸುವುದೆಂದರೆ ಸಂತೆಯಲ್ಲಿ ನಿಂತು ಕಿವಿಗೆ ಕೈ ಆನಿಸಿದಂತೆ. ಸಂತೆಯೇ ಮತ್ತಷ್ಟು ಜೋರಾಗಿ ಕೇಳುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲಿಟ್ಟು, ಇನ್ವರ್ಟರನ್ನು ನಿಲ್ಲಿಸಿ, ಮನೆಯ ಮೇನ್ ಸ್ವಿಚ್ಚನ್ನು ಆರಿಸಿದೆವು. ಗದ್ದಲ ತಟ್ಟನೆ 15 ಡೆಸಿಬೆಲ್ ಇಳಿಯಿತು. ಮತ್ತೆ ಒಂದೊಂದಾಗಿ ಹಚ್ಚುತ್ತ ಬಂದಾಗ ಕಳ್ಳರು ಸಾಲಾಗಿ ಸಿಕ್ಕಿಬಿದ್ದರು: ಇನ್ವರ್ಟರ್, ಫೋನಿನ ಚಾರ್ಜರ್, ಎಲ್ಲಕ್ಕಿಂತ ಮಿಗಿಲಾಗಿ ನಾನು ಓದುವ ಮೇಜಿನ ಮೇಲಿನ ಎಲ್‌ಇಡಿ ದೀಪ. ಇವುಗಳ ಒಳಗೆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೂಡುತ್ತಿರುತ್ತದೆ. ಪ್ರತಿ ಕಡಿತವೂ ಗಾಳಿಗೆ ಒಂದು ಕಿರುಚಲು. ಗೆಳೆಯನ ದನಿಯನ್ನು ಕೇಳಲೆಂದು ನಾನೇ ಹಚ್ಚಿಕೊಂಡು ಕೂರುತ್ತಿದ್ದ ದೀಪ ಆ ದನಿಯನ್ನು ನುಂಗುತ್ತಿತ್ತು.

ಪರಿಹಾರಕ್ಕೆ ಹೆಚ್ಚು ಹಣವೇನೂ ಆಗಲಿಲ್ಲ. ದೀಪವನ್ನು ಬದಲಿಸಿದೆವು. ಕಿಟಕಿಯ ತಂತಿಯನ್ನು ಬಿಚ್ಚಿ, 20 ಮೀಟರಿನ ಆಂಟೆನಾವನ್ನು ತಾರಸಿಯ ನೀರಿನ ತೊಟ್ಟಿಯಿಂದ ಹಿತ್ತಲ ತೆಂಗಿನ ಮರಕ್ಕೆ ಕಟ್ಟಿದೆವು. ಗೋಡೆಯೊಳಗಿನ ವಿದ್ಯುತ್ ತಂತಿಗಳಿಂದ ಅದು ದೂರವಾಯಿತು. ಕೇಬಲಿನ ಹೊರಮೈಯಲ್ಲಿ ಹರಿದು ಬರುವ ಗದ್ದಲವನ್ನು ತಡೆಯಲು ಫೆರೈಟಿನ ಬಳೆಗಳಲ್ಲಿ ಅದನ್ನು ಸುತ್ತಿದೆವು. ನಾನು ಕೊಂಡ ಆಂಪ್ಲಿಫೈಯರು ವ್ಯರ್ಥವೆಂದಲ್ಲ. ನೂರಾರು ಮೆಗಾಹರ್ಟ್ಸಿನ ಮೇಲೆ, ಉಪಗ್ರಹಗಳ ದನಿ ಕೇಳಬೇಕಾದಲ್ಲಿ, ಹೊರಗಿನ ಗದ್ದಲ ಕಡಿಮೆ. ಅಲ್ಲಿ ಆಂಟೆನಾದ ಬುಡದಲ್ಲಿಯೇ ಅದನ್ನಿಟ್ಟರೆ ಬಹಳ ಲಾಭ. ಸಾಲಿನಲ್ಲಿ ಮೊದಲು ನಿಂತ ಘಟ್ಟವೇ ಇಡೀ ಯಂತ್ರದ ಸೂಕ್ಷ್ಮತೆಯನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆಂದು 1944ರಲ್ಲಿ ಫ್ರೀಸ್ ಎಂಬಾತ ಸೂತ್ರ ಬರೆದಿದ್ದಾನೆ.

ದೊಡ್ಡವರ ಪಾಡೂ ಇದೇ ಎಂಬುದು ಅನಂತರ ತಿಳಿಯಿತು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಗುರುತು 78 ಮೆಗಾಹರ್ಟ್ಸಿನ ಬಳಿ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾರಿದ್ದರು. ಅದನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್ 3’ ಎಂಬ ಗ್ರಾಹಕವನ್ನು ಕಟ್ಟಿದರು. 2020ರಲ್ಲಿ ಅದನ್ನು ತೆಪ್ಪದ ಮೇಲೇರಿಸಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಪದರಪದರವಾದ ನೆಲ ಆಂಟೆನಾದ ಅಳತೆಯನ್ನು ಕೆಡಿಸಬಹುದು, ನೀರು ಏಕರೂಪದ್ದು. ಅಮೆರಿಕದವರು ಹೇಳಿದ ಗುರುತು ಅವರ ಅಳತೆಯಲ್ಲಿ ಕಾಣಲಿಲ್ಲ, ಶೇಕಡಾ 95.3ರ ಭರವಸೆಯಿಂದ ಅದನ್ನು ನಿರಾಕರಿಸಿ 2022ರಲ್ಲಿ ಪ್ರಕಟಿಸಿದರು. ಕೇಳಿಸದ್ದನ್ನು ಕೇಳಿಸಲಿಲ್ಲವೆಂದು ಹೇಳಲು ಅವರು ಅಷ್ಟು ಶ್ರಮಪಟ್ಟರು. ನಾನು ಒಂದು ಚಣದಲ್ಲಿ “ಕೇಳಿಸಿತು” ಎಂದುಬಿಟ್ಟಿದ್ದೆ.

ತರಗತಿಯಲ್ಲಿ ನಾನು ಸಹೃದಯನ ಲಕ್ಷಣ ಹೇಳುವಾಗ, ಕಾವ್ಯಾಭ್ಯಾಸದಿಂದ ಅವನ ಮನಸ್ಸು ಕನ್ನಡಿಯಂತೆ ನಿರ್ಮಲವಾಗಿರಬೇಕೆಂಬ ಅಭಿನವಗುಪ್ತನ ಮಾತನ್ನು ವಿವರಿಸುವುದುಂಟು. ಇಷ್ಟು ವರ್ಷ ಹೇಳಿದ ಆ ಮಾತಿನ ಅರ್ಥ ನನಗೆ ಮೇಜಿನ ದೀಪವೊಂದು ಆರಿದಾಗ ಹೊಳೆಯಿತು.

ಮುಂದಿನ ಭಾನುವಾರ ಬೆಳಗ್ಗೆ ಕಿವಿಗೊಟ್ಟು ಕುಳಿತೆ. ನೆರೆಮನೆಗಳ ಗದ್ದಲ ಇದ್ದೇ ಇತ್ತು. ಆದರೂ ಅದರ ಸಂದಿನಲ್ಲಿ ಮೂಗಿನಿಂದ ಹೊರಟಂಥ, ತೆಳ್ಳಗಿನ, ನನಗೆ ಚೆನ್ನಾಗಿ ಪರಿಚಯವಿರುವ ದನಿ, “ಹಿನ್ನೀರಿನ ಮೇಲೆ ಮಂಜು ಇಳಿದಿದೆ” ಎಂದಿತು. ಕೂಡಲೆ ಫೋನು ಮಾಡಿ ಆ ಮಾತನ್ನೇ ಅವನಿಗೆ ಒಪ್ಪಿಸಿದೆ. ಹಿಂದೆ ಹೇಳಿದ್ದು ಸುಳ್ಳೆಂಬುದನ್ನೂ ಒಪ್ಪಿಕೊಂಡೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು ಮಾರಾಯ. ಆವತ್ತು ಸೆಟ್ಟು ಸುಟ್ಟುಹೋಗಿತ್ತು. ಅದನ್ನು ಹೇಳಬೇಕೆಂದೇ ಫೋನು ಮಾಡಿದ್ದು; ಅಷ್ಟರಲ್ಲಿ ನೀನು ಚೆನ್ನಾಗಿ ಕೇಳಿಸಿತು ಎಂದುಬಿಟ್ಟೆ” ಎಂದ.