ಪುಟ್ಟ ಬಾಕ್ಸ್, ದೊಡ್ಡ ಜಗಳ

ಚಾಟ್ ಮಾಡುವಾಗ ನಾವು ಟೈಪ್ ಮಾಡುವ ಪುಟ್ಟ ಬಾಕ್ಸ್ ಇದೆಯಲ್ಲ, ಅದರ ಎತ್ತರದ ವಿಷಯಕ್ಕೆ ಒಂದು ಸಾಫ್ಟ್‌ವೇರ್ ಎರಡು ಪಾಲಾಯಿತು ಎಂದರೆ ನಂಬುತ್ತೀರಾ? ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಾವು ಮೂವರು ಲ್ಯಾಬ್‌ನೊಳಗೆ ಬಳಸುವ ಮೆಸೇಜಿಂಗ್ ಪ್ರೋಗ್ರಾಂ ಬರೆಯಲು ಕುಳಿತಾಗ ನನಗೆ ಈ ಕಥೆ ಸಿಕ್ಕಿತು.

ಪಿಜಿನ್ ಎಂಬುದು ಕಂಪ್ಯೂಟರಿನಲ್ಲಿ ಚಾಟ್ ಮಾಡಲು ಬಳಸುವ ಉಚಿತ ಸಾಫ್ಟ್‌ವೇರ್. ವಾಟ್ಸ್ಆ್ಯಪ್ ಇನ್ನೂ ಹುಟ್ಟಿರದ ಕಾಲದಲ್ಲಿ ಯಾಹೂ, ಎಂಎಸ್ಎನ್, ಗೂಗಲ್ ಟಾಕ್ ಎಲ್ಲದರ ಗೆಳೆಯರನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತಿತ್ತು. ಟೈಪ್ ಮಾಡುವ ಜಾಗ ಸಾಲದಿದ್ದರೆ ಅದರ ಅಂಚನ್ನು ಮೌಸ್‌ನಿಂದ ಎಳೆದು ಎತ್ತರ ಮಾಡಿಕೊಳ್ಳಬಹುದಿತ್ತು. 2008ರಲ್ಲಿ 2.4ನೇ ಆವೃತ್ತಿ ಬಂತು. ಎಳೆಯುವ ಅವಕಾಶ ಹೋಯಿತು. ಬದಲಿಗೆ, ಬರೆದಂತೆಲ್ಲ ಬಾಕ್ಸ್ ತಾನೇ ವಿಂಡೊದ ಅರ್ಧದವರೆಗೆ ಬೆಳೆಯುತ್ತಿತ್ತು. ಇನ್ನು ಎಳೆಯುವ ಕೆಲಸವೇ ಇಲ್ಲವಲ್ಲ, ಒಳ್ಳೆಯದೇ ಅಲ್ಲವೇ? ಬಳಕೆದಾರರಲ್ಲಿ ಹಲವರಿಗೆ ಹಾಗನ್ನಿಸಲಿಲ್ಲ. ವಾದ ಎಷ್ಟು ಬೆಳೆಯಿತೆಂದರೆ, ಕೆಲವರು ಅದೇ ಕೋಡ್ ತೆಗೆದುಕೊಂಡು ‘ಫನ್‌ಪಿಜಿನ್’ ಎಂಬ ಬೇರೆ ಪ್ರೋಗ್ರಾಂ ಮಾಡಿಕೊಂಡರು. ಆಮೇಲೆ ಅದರ ಹೆಸರು ‘ಕ್ಯಾರಿಯರ್’ ಎಂದಾಯಿತು. ನಡುಗೋಡೆಯ ವಿಷಯಕ್ಕೆ ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ.

ಬಾಕ್ಸ್ ತಾನೇ ಬೆಳೆಯುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ವಾಟ್ಸ್ಆ್ಯಪ್‌ನಲ್ಲೂ ಅದು ಹಾಗೆಯೇ ಬೆಳೆಯುತ್ತದೆ, ಯಾರೂ ಗೊಣಗುವುದಿಲ್ಲ. ಆದರೆ ಅಲ್ಲಿ ಎಳೆಯುವ ಅಂಚು ಮೊದಲಿನಿಂದಲೂ ಇರಲಿಲ್ಲ. ಪಿಜಿನ್‌ನಲ್ಲಿ ಮಾತ್ರ ಕೈಯಲ್ಲಿದ್ದುದನ್ನು ಕಿತ್ತುಕೊಂಡಂತಾಯಿತು. ಹಾಗಾಗಿ ನಮ್ಮ ಪ್ರೋಗ್ರಾಂನಲ್ಲಿ ಎರಡನ್ನೂ ಇಟ್ಟೆವು. ಬಾಕ್ಸ್ ತಾನೇ ಬೆಳೆಯುತ್ತದೆ. ನೀವು ಒಮ್ಮೆ ಎಳೆದು ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ, ನಾಳೆ ತೆರೆದಾಗಲೂ ಅಷ್ಟೇ ಎತ್ತರ. ಇದಕ್ಕೆ ಬೇಕಾದ ಕೋಡ್ ಹತ್ತು ಹನ್ನೆರಡು ಸಾಲು. ಚರ್ಚೆ ಎರಡು ವಾರ!

ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ನಾವು ಪರೀಕ್ಷೆಗೆ ಇಟ್ಟುಕೊಂಡ ಪದ ‘ರಾಷ್ಟ್ರ’. ಅದರ ಎರಡೂ ಒತ್ತು ಪೂರ್ತಿ ಕಂಡರೆ ಸಾಮಾನ್ಯವಾಗಿ ಉಳಿದ ಪದಗಳಿಗೂ ತೊಂದರೆಯಿಲ್ಲ.

ಮೆಸೇಜ್‌ಗಳು ಸಾಲಾಗಿ ಕಾಣುವ ಮೇಲಿನ ಭಾಗದ ನಡವಳಿಕೆ ನನ್ನ ಪಾಲಿಗೆ ಬಂದ ಕೆಲಸ. ಉದ್ಯೋಗ ಮಾಹಿತಿಯ ಗ್ರೂಪ್‌ನಲ್ಲಿ ನೀವು ಮೇಲಕ್ಕೆ ಹೋಗಿ ನಿನ್ನೆಯ ವಾಕ್‌-ಇನ್ ಸಂದರ್ಶನದ ವಿಳಾಸ ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಅಷ್ಟರಲ್ಲಿ ಯಾರೋ ಗುಲಾಬಿ ಹೂವಿನ ಜೊತೆ ಗುಡ್ ಮಾರ್ನಿಂಗ್ ಕಳಿಸುತ್ತಾರೆ. ಪರದೆ ದಡಕ್ಕನೆ ಕೆಳಕ್ಕೆ ಹಾರಿದರೆ ಹೇಗಿರುತ್ತದೆ? ಓದುಗ ಕೊನೆಯ ಮೆಸೇಜ್‌ನಲ್ಲೇ ಇದ್ದರೆ ಮಾತ್ರ ಹೊಸದನ್ನು ತೋರಿಸಬೇಕು. ಮೇಲಕ್ಕೆ ಹೋಗಿದ್ದರೆ ಅವನ ಪಾಡಿಗೆ ಬಿಟ್ಟು, ಮೂಲೆಯಲ್ಲೊಂದು ಬಾಣದ ಗುರುತು ಹಾಕಿ, ಎಷ್ಟು ಹೊಸ ಮೆಸೇಜ್ ಬಂದಿವೆ ಎಂದು ತೋರಿಸಿದರೆ ಸಾಕು.

ಉಳಿದದ್ದು ಎಂಟರ್ ಕೀ. ನನ್ನ ರೂಮ್‌ಮೇಟ್ ಒಂದು ಕಂಪನಿಯ ಚಾಟ್ ವಿಂಡೊದಲ್ಲಿ ‘ಸೋಮವಾರ ಬರಲು ಆಗುವುದಿಲ್ಲ ಸರ್’ ಎಂದು ಬರೆದು, ಮುಂದಿನ ಸಾಲಿಗೆ ಹೋಗಲು ಎಂಟರ್ ಒತ್ತಿದ. ಮೆಸೇಜ್ ಹೋಗಿಯೇಬಿಟ್ಟಿತು. ಅವನು ಬರೆಯಬೇಕಿದ್ದ ಎರಡನೇ ಸಾಲು ‘ಬೆಳಿಗ್ಗೆ ಪರೀಕ್ಷೆ ಇದೆ, ಮಧ್ಯಾಹ್ನ ಬರಬಹುದೇ?’ ಅದನ್ನು ಟೈಪ್ ಮಾಡುವಷ್ಟರಲ್ಲಿ ಆ ಕಡೆಯವರು ‘ಓಕೆ, ಥ್ಯಾಂಕ್ಯೂ’ ಎಂದು ಚಾಟ್ ಮುಗಿಸಿದ್ದರು. ಮೂರು ಸಲ ಫೋನ್ ಮಾಡಿ, ಅಂಗಲಾಚಿ, ಬುಧವಾರಕ್ಕೆ ಸಮಯ ಪಡೆದ.

ನಮ್ಮಲ್ಲಿ ಎಂಟರ್ ಒತ್ತಿದರೆ ಮೆಸೇಜ್ ಹೋಗಬೇಕೋ, ಹೊಸ ಸಾಲು ಬರಬೇಕೋ ಎಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟಿದ್ದೇವೆ. ಯಾರೂ ಸೆಟ್ಟಿಂಗ್ಸ್ ಮುಟ್ಟದಿದ್ದರೆ ಯಾವುದು ಇರಬೇಕು ಎಂಬ ಬಗ್ಗೆ ಮೂವರಲ್ಲಿ ಇನ್ನೂ ಒಮ್ಮತವಿಲ್ಲ. ಮುಂದಿನ ವಾರ ಡೆಮೊ. ರೂಮ್‌ಮೇಟ್‌ನ ವೋಟು ಯಾವುದಕ್ಕೆ ಎಂದು ಕೇಳುವ ಹಾಗೇ ಇಲ್ಲ.